ಪಾರಿವಾಳವನ್ನು ಕೊಂದವರಾರು?

ಹಿತೋಪದೇಶದಲ್ಲಿ ಜರದ್ಗವನೆಂಬ ಕುರುಡು ಹದ್ದಿನ ಕಥೆಯೊಂದಿದೆ. ಅದರ ಪೊಟರೆಯಲ್ಲಿ ಆಶ್ರಯ ಪಡೆದ ಬೆಕ್ಕು ಹಕ್ಕಿಮರಿಗಳನ್ನು ತಿಂದು, ಎಲುಬುಗಳನ್ನು ಅಲ್ಲಿಯೇ ಬಿಟ್ಟು ಪಲಾಯನ ಮಾಡಿತು. ಎಲುಬುಗಳನ್ನು ಕಂಡ ಹಕ್ಕಿಗಳು ಹದ್ದೇ ಅಪರಾಧಿಯೆಂದು ಬಗೆದು ಅದನ್ನು ಕೊಂದವು. ಈ ಕಥೆಯನ್ನು ನಾವು ಏಳನೆಯ ತರಗತಿಗೆ ಪ್ರತಿವರ್ಷವೂ ಹೇಳುತ್ತ ಬಂದಿದ್ದೇವೆ. ಆ ಹಕ್ಕಿಗಳ ಅವಿವೇಕವನ್ನು ಕುರಿತು ನಾಲ್ಕು ಮಾತು ಹೆಚ್ಚಾಗಿಯೇ ಆಡುವುದೂ ಉಂಟು. ಹೋದ ಚಳಿಗಾಲದಲ್ಲಿ ನಾವೂ ಅವುಗಳ ಸಾಲಿಗೆ ಸೇರಿದೆವು. ಕಥೆ ಮಾತ್ರ ತಿರುಗುಮುರುಗಾಗಿತ್ತು.

ಮುಂಬಯಿಯಲ್ಲಿ ಪಾರಿವಾಳಗಳಿಗೇನು ಬರವೇ? ಮೂಲದಲ್ಲಿ ಅವು ಬಂಡೆಯ ಸಂದುಗಳಲ್ಲಿ ಗೂಡು ಕಟ್ಟುವ ಹಕ್ಕಿಗಳು. ನಗರದ ಎತ್ತರದ ಮನೆಗಳ ಚಾಚುಗಳೂ ಅವುಗಳ ಕಣ್ಣಿಗೆ ಬಂಡೆಗಳೇ. ಶಾಲೆಯ ಹತ್ತಿರದ ಉದ್ಯಾನದಲ್ಲಿ ಅವು ನೂರಾರು ಇವೆ. ಡಿಸೆಂಬರಿನ ಒಂದು ಬೆಳಿಗ್ಗೆ ಅಲ್ಲಿಯ ಹುಲ್ಲಿನ ಮೇಲೆ ಬೂದುಬಣ್ಣದ ಗರಿಗಳು ಚೆಲ್ಲಿದ್ದವು. ಎರಡು ದಿನಗಳ ಬಳಿಕ ಮತ್ತೆ ಹಾಗೆಯೇ. ಮೂರನೆಯ ಸಲ, ಅಲ್ಲಿಯೇ ವಾಸವಾಗಿದ್ದ ಬೆಕ್ಕೊಂದು ಬಾಯಲ್ಲಿ ರೆಕ್ಕೆ ಕಚ್ಚಿಕೊಂಡು ಪೊದೆಯೊಳಗೆ ನುಸುಳುವುದನ್ನು ನಾವು ಕಣ್ಣಾರೆ ಕಂಡೆವು. ಇನ್ನೇನು ಬೇಕು? ಮಾಲಿಯ ಕೋರಿಕೆಯಂತೆ, ಅವನ ಮೇಲಧಿಕಾರಿಗೆ ನಾವೇ ಅರ್ಜಿ ಬರೆದುಕೊಟ್ಟೆವು. ನಮ್ಮ ಅಕ್ಷರ ದುಂಡಗಿದೆ ಎಂಬ ಹೆಮ್ಮೆಯೂ ಅದರಲ್ಲಿ ಸೇರಿತ್ತೆಂದು ಒಪ್ಪಿಕೊಳ್ಳಬೇಕು. ಮರುದಿನ ಬೆಕ್ಕನ್ನು ಗೋಣಿಚೀಲದಲ್ಲಿ ತುಂಬಿ, ದೂರದ ಮೀನುಪೇಟೆಯ ಬಳಿ ಬಿಟ್ಟುಬಂದರು.

ಆ ಬೆಕ್ಕಿಗೆ ನಿತ್ಯವೂ ತನ್ನ ಬುತ್ತಿಯಲ್ಲಿ ಪಾಲು ಕೊಡುತ್ತಿದ್ದ ಹುಡುಗನೊಬ್ಬ ನಮ್ಮ ಏಳನೆಯ ತರಗತಿಯಲ್ಲಿದ್ದ. ಅವನ ತಂದೆ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದಾರೆ. ಹುಡುಗ ಮಾತು ಕಡಿಮೆ. ಒಂದು ವಾರ ಕಳೆದ ಮೇಲೆ ಅವನು ಕಂಪಾಸ್ ಪೆಟ್ಟಿಗೆಯನ್ನು ನಮ್ಮ ಮೇಜಿನ ಮೇಲೆ ತೆರೆದಿಟ್ಟ. ಒಳಗೆ ಹತ್ತು ಹನ್ನೆರಡು ಗರಿಗಳಿದ್ದವು.

“ಸರ್, ಬೆಕ್ಕು ಹೋಗಿ ಎಂಟು ದಿನ ಆಯಿತು. ಗರಿ ಬೀಳುವುದು ನಿಂತಿಲ್ಲ.”

ನಾವು ಗರಿಗಳನ್ನು ಎತ್ತಿಕೊಂಡು ವಿಜ್ಞಾನದ ಮಾಸ್ತರರಲ್ಲಿಗೆ ಹೋದೆವು. ಅವರು ಭೂತಗನ್ನಡಿ ಹಿಡಿದು ನೋಡಿ, ಗರಿಗಳ ಬುಡವನ್ನು ತೋರಿಸಿದರು. ಒಂದೊಂದರ ಬುಡವೂ ಅಖಂಡವಾಗಿತ್ತು. ಬೆಕ್ಕು ಹಲ್ಲಿನಿಂದ ಕಚ್ಚಿ ಎಳೆಯುವುದರಿಂದ ಗರಿಯ ದಂಟು ತುಂಡಾಗುತ್ತದೆ, ಎಂಜಲಿನಿಂದ ಗರಿಗಳು ಗೊಂಚಲಾಗಿ ಅಂಟಿಕೊಳ್ಳುತ್ತವೆ. ಬೇಟೆಯನ್ನು ಮರೆಗೆ ಎಳೆದೊಯ್ಯುವುದೂ ಅದರ ಸ್ವಭಾವ. ಬೇಟೆಹಕ್ಕಿಯಾದರೋ ಕೊಕ್ಕಿನಿಂದ ಒಂದೊಂದೇ ಗರಿಯನ್ನು ಬುಡಸಹಿತ ಕಿತ್ತೆಸೆಯುತ್ತದೆ, ಎದೆಯ ಮಾಂಸವನ್ನು ಮೊದಲು ತಿನ್ನುತ್ತದೆ. ಎದೆಯೆಲುಬಿನ ಏಣಿನ ಮೇಲೆ ಕೊಕ್ಕಿನ ಕಚ್ಚುಗಳು ಉಳಿಯುತ್ತವೆ. ಎರಡು ರೆಕ್ಕೆಗಳೂ ಆ ಎಲುಬಿಗೆ ಅಂಟಿಕೊಂಡಂತೆಯೇ ಕೆಳಗೆ ಬೀಳುವುದುಂಟು. ಸತ್ತದ್ದನ್ನು ತಿಂದವರೆಲ್ಲ ಕೊಂದವರಲ್ಲ ಎಂದೂ ಮಾಸ್ತರರು ಎಚ್ಚರಿಸಿದರು. ಬಿದ್ದದ್ದಕ್ಕೆ ಕಾಗೆ ಬರುತ್ತದೆ, ಹದ್ದು ಎರಗುತ್ತದೆ, ರಾತ್ರಿ ಹೆಗ್ಗಣ ಕಡಿಯುತ್ತದೆ. ನಮ್ಮ ಬೆಕ್ಕೂ ಅಷ್ಟೇ ಮಾಡಿತ್ತು! ಬೆಕ್ಕು ಪಾರಿವಾಳವನ್ನು ಹಿಡಿಯಲಾರದೆಂದಲ್ಲ. ಈ ಗರಿಗಳು ಅದರ ಮೇಲೆ ಸಾಕ್ಷಿ ನುಡಿಯುತ್ತಿರಲಿಲ್ಲ.

“ಗರಿ ಮೇಲಿನಿಂದ ಬೀಳುತ್ತವೆ ಸರ್” ಎಂದ ಹುಡುಗ. ಅದನ್ನು ಅವನು ಮೊದಲೇ ಕಂಡಿದ್ದ, ನಾವು ಕೇಳಿರಲಿಲ್ಲ.

ಮರುದಿನ ಮುಂಜಾನೆ ಮೂವರೂ ಹೋಗಿ ನಿಂತೆವು. ಉದ್ಯಾನದ ಪಕ್ಕದ ಇಪ್ಪತ್ತು ಮಾಳಿಗೆಯ ಕಟ್ಟಡದ ನೆತ್ತಿಯ ಚಾಚಿನಲ್ಲಿ ಹಕ್ಕಿಯೊಂದು ಕುಳಿತಿತ್ತು. ಕಪ್ಪು ತಲೆ, ಕೆನ್ನೆಯ ಮೇಲೆ ಮೀಸೆಯಂತೆ ಇಳಿದ ಕಪ್ಪು ಪಟ್ಟೆ. ಅದರ ಕಾಲಕೆಳಗಿನಿಂದ ಗರಿಯೊಂದು ತೇಲಿ ತೇಲಿ ಇಳಿಯಿತು. ಗ್ರಂಥಾಲಯದಲ್ಲಿದ್ದ, 1941ರಲ್ಲಿ ಮೊದಲು ಅಚ್ಚಾದ ಸಲೀಂ ಅಲಿಯವರ ಪಕ್ಷಿಗ್ರಂಥವನ್ನು ತೆರೆದು ಚಿತ್ರದೊಡನೆ ಹೋಲಿಸಿದೆವು: ಪೆರಿಗ್ರೀನ್ ಎಂಬ ಡೇಗೆ. ಉತ್ತರದ ಶೀತಪ್ರದೇಶಗಳಿಂದ ಚಳಿಗಾಲಕ್ಕೆ ನಮ್ಮ ನಾಡಿಗೆ ವಲಸೆ ಬರುವ ಡೇಗೆಗಳುಂಟು. ಎತ್ತರದಿಂದ ರೆಕ್ಕೆ ಮಡಿಸಿ ಎರಗುವಾಗ ಅದರ ವೇಗ ಗಂಟೆಗೆ 300 ಕಿಲೋಮೀಟರನ್ನು ಮೀರುತ್ತದೆ. ಪಾರಿವಾಳಕ್ಕೆ ಬಂಡೆಯಾಗಿ ಕಂಡ ಕಟ್ಟಡ ಅದಕ್ಕೂ ಬಂಡೆಯೇ. ಹೊಟ್ಟೆಪಾಡಿಗಾಗಿ ಗದಗಿನ ಸೀಮೆಯಿಂದ ಈ ನಗರಕ್ಕೆ ಬಂದ ನಾವು ಅದರ ಮೇಲೇನು ಸಿಟ್ಟಾಗುವುದು?

ಅದರ ಮೇಲೆ ಅರ್ಜಿ ಬರೆಯಿರಿ ಎಂದು ಮಾಲಿ ನಕ್ಕ. ನಮಗೆ ನಗು ಬರಲಿಲ್ಲ.

ಆ ಭಾನುವಾರ ಹುಡುಗನನ್ನು ಕರೆದುಕೊಂಡು ಮೀನುಪೇಟೆಗೆ ಹೋದೆವು. ಬುಟ್ಟಿಗಳ ನಡುವೆ ಬೆಕ್ಕುಗಳಿಗೆ ಲೆಕ್ಕವಿರಲಿಲ್ಲ, ಬೂದುಬಣ್ಣದವೇ ಐದಾರು. ಹುಡುಗ ಒಂದೊಂದರ ಮುಂದೆಯೂ ಕುಕ್ಕುರುಗಾಲಿನಲ್ಲಿ ಕುಳಿತು ಮೆಲ್ಲಗೆ ಕರೆದ. ಒಂದೂ ಹತ್ತಿರ ಬರಲಿಲ್ಲ. ಮೀನು ಮಾರುವ ಮುದುಕಿಯೊಬ್ಬಳು ಕನಿಕರಪಟ್ಟು, ನಿಮ್ಮ ಬೆಕ್ಕಿನ ಗುರುತೇನು ಎಂದು ಮರಾಠಿಯಲ್ಲಿ ಕೇಳಿದಳು. ಅರ್ಜಿಯಲ್ಲಿ ಅದರ ಅಪರಾಧವನ್ನು ಒಂದು ಪುಟ ವರ್ಣಿಸಿದ್ದ ನಮಗೆ ಉತ್ತರ ತೋಚಲಿಲ್ಲ. ಎಡಗಿವಿಯ ತುದಿ ಹರಿದಿದೆ ಎಂದು ಹುಡುಗನೇ ಹೇಳಿ, ಮುಂದಿನ ಸಾಲಿನ ಕಡೆಗೆ ನಡೆದ. ನಾವು ಅವನ ಹಿಂದೆ ಹೋದೆವು.