ದುಡ್ಡಿನ ಬಳ್ಳಿ

ನಮ್ಮ ಆಫೀಸಿನಲ್ಲಿ ಎರಡು ಡೆಸ್ಕಿಗೆ ಒಂದರಂತೆ ಮನಿ ಪ್ಲಾಂಟ್ ಇದೆ. ಜಾಮ್ ಬಾಟಲಿ, ಹಿಡಿ ಮುರಿದ ಕಾಫಿ ಮಗ್, ವೆಲ್‌ಕಮ್ ಕಿಟ್ಟಿನ ಸಿಪ್ಪರ್, ಎಲ್ಲದರಲ್ಲೂ ಅದೇ ಬಳ್ಳಿ. ಕದ್ದು ತಂದರೆ ಮಾತ್ರ ದುಡ್ಡು ಬರುತ್ತೆ ಅನ್ನೋ ನಂಬಿಕೆ ಬೇರೆ. ಹಾಗಾಗಿ ಅಪ್ರೈಸಲ್ ಹತ್ತಿರ ಬಂತೆಂದರೆ ರಿಸೆಪ್ಷನ್ ಕುಂಡದ ಬಳ್ಳಿ ಬೋಳಾಗುತ್ತೆ.

ನಿಜ ಹೇಳಬೇಕೆಂದರೆ ಕೀಳುವವರಿಲ್ಲದೆ ಈ ಗಿಡಕ್ಕೆ ಗತಿಯಿಲ್ಲ. ಇದು ತಾನಾಗಿ ಹೂ ಬಿಡೋದೇ ಇಲ್ಲ ಅನ್ನಬಹುದು. ಹೂವಿಗೆ ಬೇಕಾದ ಜಿಬ್ಬರೆಲಿನ್ ಹಾರ್ಮೋನ್ ತಯಾರಿಸುವ ಜೀನ್ ಇದರಲ್ಲಿ ಕೆಲಸ ಮಾಡಲ್ಲ ಅಂತ 2016ರ ಒಂದು ಸಂಶೋಧನೆ ತೋರಿಸಿತು. ಅದೇ ಹಾರ್ಮೋನ್ ಸಿಂಪಡಿಸಿದಾಗ ಹೂ ಬಿಟ್ಟಿತಂತೆ. ಹೂವಿಲ್ಲ, ಬೀಜವಿಲ್ಲ. ಗೆಣ್ಣು ಕತ್ತರಿಸಿ ನೀರಿಗಿಟ್ಟರೆ ಬೇರು, ಅಷ್ಟೇ. ಮೂಲ ಪೆಸಿಫಿಕ್ ಸಾಗರದ ಮೊರಿಯಾ ದ್ವೀಪ. ಅಲ್ಲಿಂದ ಹೊರಟ ತುಂಡಿನ ತುಂಡಿನ ತುಂಡು ನಿಮ್ಮ ಕಿಟಕಿಯಲ್ಲಿರೋದು. ಕಾಪಿ-ಪೇಸ್ಟ್ ಮಾಡಿ ಬದುಕೋ ನಮ್ಮ ಕಸುಬಿಗೆ ಸರಿಯಾದ ಗಿಡ.

ಅಮ್ಮ ಮೊದಲ ಸಲ ಬೆಂಗಳೂರಿಗೆ ಬಂದಾಗ ನಮ್ಮ ಬಾಲ್ಕನಿ ನೋಡಿ, "ಮೆಣಸಿನ ಬಳ್ಳೀನ ಬಾಟ್ಲಿಗೆ ಹಾಕಿದ್ಯಲ್ಲೋ" ಅಂದಳು. ಮಲೆನಾಡಿನವರು ಯಾರಾದರೂ ಹಾಗೇ ಅಂದಾರು. ಹೃದಯದಾಕಾರದ ಎಲೆ, ಗೆಣ್ಣುಗೆಣ್ಣಿಗೆ ಬೇರು, ಮರ ತಬ್ಬಿ ಹತ್ತೋ ಬುದ್ಧಿ. ಆದರೆ ಕಾಳುಮೆಣಸು ವೀಳ್ಯದೆಲೆಯ ಬಳಗ, ಇದು ಕೆಸುವಿನ ಬಳಗ. ಬಾಯಿಗಿಟ್ಟರೆ ತುರಿಕೆ. ಅಮ್ಮ ಹತ್ತಿರ ಹೋಗಿ ಎಲೆ ಮುಟ್ಟಿ ನೋಡಿದಳು.

"ಕಾಳು ಬಿಡತ್ತಾ?"

"ಇಲ್ಲ."

"ಮತ್ತೆ ದುಡ್ಡೆಲ್ಲಿಂದ?"

ನಮ್ಮನೆಯಲ್ಲಿ ದುಡ್ಡಿನ ಬಳ್ಳಿ ಅಂದರೆ ಮೆಣಸೇ. ಅಡಿಕೆ ದುಡ್ಡು ಸೊಸೈಟಿ ಸಾಲಕ್ಕೆ, ಕೂಲಿಗೆ ಹೋಗ್ತಿತ್ತು. ಕೈಗೆ ಸಿಗ್ತಿದ್ದದ್ದು ಮೆಣಸಿನದು. ಚೆನ್ನಾಗಿ ಒಣಗಿಸಿದರೆ ವರ್ಷಗಟ್ಟಲೆ ಕೆಡಲ್ಲ. ಅಪ್ಪ ಅಟ್ಟದ ಮೇಲೆ ಚೀಲ ಕಟ್ಟಿಟ್ಟು, ನನ್ನ ಬಿ.ಇ. ಫೀಸಿನ ನೋಟಿಸು ಬಂದಾಗೊಮ್ಮೆ ಒಂದೆರಡು ಇಳಿಸ್ತಿದ್ದ. ಎಂಟು ಸೆಮಿಸ್ಟರು ಹಾಗೇ ದಾಟಿತು.

ನಾನು ಕೆಲಸಕ್ಕೆ ಸೇರಿದ ಮೇಲೆ ಒಂದು ಮಳೆಗಾಲ ಸೊರಗು ರೋಗ ಬಂತು. ಶೇ. 1ರ ಬೋರ್ಡೋ ದ್ರಾವಣ ಹೊಡೆದದ್ದಾಗಿತ್ತು, ಮಳೆ ಮಾತ್ರ ಬಿಡಲೇ ಇಲ್ಲ. ಎಲೆ ಮೇಲೆ ಕಪ್ಪು ಮಚ್ಚೆ, ಆಮೇಲೆ ಉದುರು, ಬುಡ ಕೊಳೆತು ಎರಡು ಮೂರು ವಾರದಲ್ಲಿ ಬಳ್ಳಿಗೆ ಬಳ್ಳಿಯೇ ಸತ್ತಿತು. ಫೋನಿನಲ್ಲಿ ಅಪ್ಪ ಹೇಳಿದ್ದು "ಈ ಸಲ ಮೆಣಸಿಲ್ಲ" ಅಂತ ಅಷ್ಟೇ. ಅವತ್ತಿಂದ ತಿಂಗಳು ತಿಂಗಳು ನಾನು ಕಳಿಸ್ತೀನಿ. ಅಪ್ಪ ಅದನ್ನ ಅಡಿಕೆ ಮಂಡಿಯವರು ಕೊಟ್ಟ ಡೈರಿಯಲ್ಲಿ ಬರೆದಿಡ್ತಾನೆ. ಸಾಲ ಅಂತ.

ಅಮ್ಮ ಹೋಗುವಾಗ ಒದ್ದೆ ಬಟ್ಟೆಯಲ್ಲಿ ಎರಡು ಗೆಣ್ಣು ಸುತ್ತಿಕೊಂಡು ಹೋಗಿದ್ದಳು. ಮೆಣಸು ಸತ್ತ ಹಲಸಿನ ಮರದ ಬುಡಕ್ಕೆ ನೆಟ್ಟಳು. ಬಾಟಲಿಯಲ್ಲಿ ಅಂಗೈ ಮೀರದ ಎಲೆ ಮರ ಹತ್ತಿದರೆ ಬೇರೆಯೇ ಗಿಡ: ಒಂದೊಂದೂ ಮೊರದಗಲ, ಅಂಚು ಸೀಳಿ ಸೀಳಿ. ನೆಂಟರು ಅದರ ಮುಂದೆ ನಿಂತು ಸೆಲ್ಫಿ ತಗೋತಾರೆ. "ಕೊಯ್ದು ಯಾವ ಮಂಡಿಗೆ ಹಾಕ್ಲಿ?" ಅಂತಾನೆ ಅಪ್ಪ.

ಕಳೆದ ಜೂನ್‌ನಲ್ಲಿ ಊರಿಗೆ ಹೋದಾಗ, ಟ್ರೈಕೋಡರ್ಮಾ ಕಲಸಿದ ಗೊಬ್ಬರದ ಬುಟ್ಟಿ ಹೊತ್ತು ತೋಟಕ್ಕೆ ಇಳೀತಿದ್ದ. ಅಡಿಕೆ ಮರಗಳ ಬುಡದಲ್ಲಿ ಹೊಸ ಮೆಣಸಿನ ಕುಡಿ, ಪಣಿಯೂರು ತಳಿ. ಫಸಲಿಗೆ ಮೂರು ವರ್ಷವಾದರೂ ಬೇಕು. ಅಪ್ಪನಿಗೆ ಈಗ ಅರವತ್ತೊಂಬತ್ತು. ಎಷ್ಟು ನೆಟ್ಟೆ ಅಂತ ಕೇಳಿದೆ.

"ನಿಂಗೆ ಕೊಡಬೇಕಾದಷ್ಟು" ಅಂದ.