ಕುರ್ಡಿಗೊಂದು ಫೋನು

ಸಣ್ಣ ಟೆಕ್ ಸೇವಾಸಂಸ್ಥೆಗಳಲ್ಲಿ ಕೋಡ್ ಬರೆಯಬಲ್ಲವರೇ ಮುಖ್ಯಸ್ಥರಾಗಿಬಿಡುತ್ತಾರೆ. ಜನರನ್ನು ನಡೆಸುವುದು ಬೇರೆಯೇ ಕಸುಬು ಅನ್ನೋದು ಆಮೇಲೆ ಗೊತ್ತಾಗುತ್ತದೆ. ಗೊತ್ತಾಗುವವರೆಗಿನ ಖರ್ಚು ಬೀಳುವುದು ಕೆಳಗಿನವರ ಮೇಲೆ. ರಾಯಚೂರನ್ನೇ ನೋಡಿ, ಸರ್ಕಾರದ ಪಟ್ಟಿಯಲ್ಲಿ ಅದು 2018ರಿಂದ ‘ಮಹತ್ವಾಕಾಂಕ್ಷಿ ಜಿಲ್ಲೆ’ (ಹಿಂದುಳಿದದ್ದಕ್ಕೆ ಎಂಥ ಚಂದದ ಹೆಸರು!). ಮುಖ್ಯಸ್ಥರು ಬೆಂಗಳೂರಿನಲ್ಲಿ ಕೂತು ಸರ್ವೆ ಆ್ಯಪ್‌ನ ಒಂದು ಕಾಲಂ ಬದಲಿಸಿದರೆ ಸಾಕು, ಆ ಜಿಲ್ಲೆಯ ಕುರ್ಡಿ ಗ್ರಾಮದಲ್ಲಿ ಸರ್ವೆ ಮಾಡುವ ಹುಡುಗಿ ಅದೇ ಮನೆಗಳ ಬಾಗಿಲು ಮತ್ತೆ ಬಡಿಯಬೇಕು. ಮನೆಯವರೋ ಹತ್ತಿ ಬಿಡಿಸಲು ಹೊಲಕ್ಕೆ ಹೋಗಿರುತ್ತಾರೆ.

ಜನರನ್ನು ನಡೆಸಿದ ಅನುಭವಿಗಳನ್ನೇ ನೇಮಿಸಿಕೊಳ್ಳಲಿ ಅನ್ನಬಹುದು. ದುಡ್ಡೆಲ್ಲಿದೆ? ವಿದೇಶಿ ದೇಣಿಗೆಯಲ್ಲಿ ಆಡಳಿತಕ್ಕೆ ಬಳಸಬಹುದಾದ ಪಾಲು ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯಲ್ಲಿ ಶೇ. 50ರಿಂದ 20ಕ್ಕೆ ಇಳಿಯಿತು. ಹಾಗಂತ ಎಲ್ಲವನ್ನೂ ಕಾನೂನಿನ ತಲೆಗೆ ಕಟ್ಟುವಂತಿಲ್ಲ. ಕಾಲಂ ಬದಲಿಸುವ ಮೊದಲು ಆ ಹುಡುಗಿಗೊಂದು ಫೋನ್ ಮಾಡಲು ಯಾವ ಬಜೆಟ್ಟೂ ಬೇಕಿಲ್ಲ.