ಶ್ರುತಿ ತಪ್ಪಿದ್ದು ಯಾರು?

ನಮ್ಮ ಹೊನ್ನಾವರ ತಾಲೂಕಿನಲ್ಲಿ ಯಕ್ಷಗಾನ ಗೊತ್ತಿಲ್ಲದ ಮನೆ ಇಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ್ದು ಇಲ್ಲಿಯೇ. ನನ್ನ ಅಜ್ಜ ಮೇಳದ ಭಾಗವತರಲ್ಲ. ತೋಟದ ಕೆಲಸ ಮಾಡಿಕೊಂಡು, ಮಳೆಗಾಲದಲ್ಲಿ ಊರಿನ ತಾಳಮದ್ದಳೆಯಲ್ಲಿ ಪದ ಹೇಳುವವರು.

ಅಜ್ಜನ ಹತ್ತಿರ ಒಂದು ಇಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಇದೆ. ಬಟನ್ ಒತ್ತಿದರೆ ‘ಸಾ’ ಅಂತ ಒಂದೇ ಸಮ ಸ್ವರ ಬರ್ತದೆ. ಇಂಥ ಪೆಟ್ಟಿಗೆಯನ್ನು 1970ರ ದಶಕದಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಎನ್ನುವವರು ಮಾಡಿದರಂತೆ. ಅವರು ಇಂಜಿನಿಯರೂ ಹೌದು, ಕೊಳಲು ನುಡಿಸುವವರೂ ಹೌದು. ನಮ್ಮದು ಅವರ ಕಂಪನಿಯದ್ದಲ್ಲ. ಕುಮಟೆಯಿಂದ ಸೆಕೆಂಡ್ ಹ್ಯಾಂಡ್ ತಂದ ಅಗ್ಗದ ಪೆಟ್ಟಿಗೆ, ಹೆಸರೂ ಅಳಿಸಿಹೋಗಿದೆ.

ಈ ಸಲ ಚೌತಿಯ ಮರುದಿನ ರಾತ್ರಿ ತಾಳಮದ್ದಳೆ ಇತ್ತು. ಮೊದಲು ಎಲ್ಲಾ ಚೆನ್ನಾಗಿಯೇ ಇತ್ತು. ಒಂದು ತಾಸು ಕಳೆದ ಮೇಲೆ ಅಜ್ಜನ ಪದಕ್ಕೂ ಪೆಟ್ಟಿಗೆಗೂ ಕೂಡಲೇ ಇಲ್ಲ. ಮದ್ದಳೆಯವರು ಮುಖ ಮುಖ ನೋಡಿದರು. ಹಿಂದೆ ಕುಳಿತ ಒಬ್ಬರು, “ಭಾಗ್ವತ್ರಿಗೆ ವಯಸ್ಸಾತು, ಶ್ರುತಿ ಬಿಟ್ಟು ಮೇಲೆ ಹೋಗ್ತ್ರು” ಅಂದರು. ಅದು ಅಜ್ಜನಿಗೂ ಕೇಳಿತು. ಮನೆಗೆ ಬಂದವರೇ ತಾಳವನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟರು. “ತಮಾ, ಯಂಗೆ ವಯಸ್ಸಾತು. ಇನ್ನು ಸಾಕು” ಅಂದರು. ನನಗೆ ಆ ದಿನ ಊಟ ಸೇರಲಿಲ್ಲ.

ನಾನು ವಿಜ್ಞಾನ ಸರ್ ಹತ್ತಿರ ಹೇಳಿದೆ. ಸರ್ ನಗಲಿಲ್ಲ. ಕಪಾಟಿನಿಂದ ಶ್ರುತಿಕವೆ ತೆಗೆದು ಕೊಟ್ಟು, “ಯಾರ ತಪ್ಪು ಅಂತ ಮೊದಲೇ ಹೇಳಬೇಡ. ಒಂದೊಂದಾಗಿ ನೋಡು” ಅಂದರು. ಅದರ ಮೇಲೆ 256 ಅಂತ ಬರೆದಿದೆ. ಅಂದರೆ ಅದು ಸೆಕೆಂಡಿಗೆ 256 ಸಲ ನಡುಗುತ್ತದೆ. ಎರಡು ಸ್ವರ ಹತ್ತಿರ ಹತ್ತಿರ ಇದ್ದು ಸ್ವಲ್ಪ ಬೇರೆಯಾದರೆ ‘ವುಂ… ವುಂ… ವುಂ’ ಅಂತ ಏರಿಳಿತ ಕೇಳ್ತದೆ. ಅದಕ್ಕೆ ಬೀಟ್ಸ್ ಅನ್ನುತ್ತಾರೆ. ಸೆಕೆಂಡಿಗೆ ಎಷ್ಟು ಬೀಟ್ಸೋ ಅಷ್ಟೇ ವ್ಯತ್ಯಾಸ.

ಮನೆಯಲ್ಲಿ ‘ಪ’ದ ಬಟನ್ ಆಫ್ ಮಾಡಿ ‘ಸಾ’ ಒಂದನ್ನೇ ಇಟ್ಟೆ. ಶ್ರುತಿಕವೆಯನ್ನು ಹವಾಯಿ ಚಪ್ಪಲಿಗೆ ಬಡಿದು ಮಣೆಯ ಮೇಲೆ ಒತ್ತಿದೆ. ಏರಿಳಿತ ಪೂರ್ತಿ ನಿಲ್ಲುವ ತನಕ ಪೆಟ್ಟಿಗೆಯ ತಿರುಪು ತಿರುಗಿಸಿದೆ.

ಎಲ್ಲರೂ ಬ್ಯಾಟರಿಯ ಮೇಲೆ ಅನುಮಾನ ಪಟ್ಟಿದ್ದರು. ಹಳೇ ಸೆಲ್ ಹಾಕಿದೆ. ಸದ್ದು ಸಣ್ಣ ಆಯಿತು, ಬೀಟ್ಸ್ ಬರಲಿಲ್ಲ. ತಿರುಪು ಸಡಿಲವೋ ಅಂತ ಅಲ್ಲಾಡಿಸಿದೆ. ‘ಕರಕರ’ ಅಂದಿತು, ಆದರೆ ಸ್ವರ ಮತ್ತೆ ತನ್ನ ಜಾಗಕ್ಕೇ ಬಂತು. ಅರ್ಧ ತಾಸು ಹಾಗೇ ಬಿಟ್ಟೆ. ಏನೂ ಇಲ್ಲ! ಹಾಗಾದರೆ ಅಜ್ಜನದ್ದೇ ತಪ್ಪೋ ಅಂತ ನನಗೆ ಅಳು ಬಂದಂತಾಯಿತು.

ಅಷ್ಟರಲ್ಲಿ ಮಳೆ ಹೊಡೆಯಿತು. ಜಗಲಿಗೆ ಇರಚಲು ಬಂತು ಅಂತ ಪೆಟ್ಟಿಗೆಯನ್ನು ಬಚ್ಚಲ ಒಲೆಯ ಹತ್ತಿರ, ಬಟ್ಟೆ ಒಣಗಿಸುವಲ್ಲಿ ಇಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಸುಮ್ಮನೆ ಶ್ರುತಿಕವೆ ಬಡಿದರೆ ‘ವುಂ ವುಂ ವುಂ’! ತಂಗಿ ಗಡಿಯಾರ ಹಿಡಿದಳು, ನಾನು ಎಣಿಸಿದೆ. ಐದು ಸೆಕೆಂಡಿಗೆ ಹದಿನೈದು. ಅಂದರೆ ಸೆಕೆಂಡಿಗೆ 3. ಹಾರ್ಮೋನಿಯಂನಲ್ಲಿ ಅಲ್ಲಿ ಒಂದು ಮನೆಯಿಂದ ಪಕ್ಕದ ಮನೆಗೆ ಸುಮಾರು 15 ವ್ಯತ್ಯಾಸ. ಅದರಲ್ಲಿ 3 ಅಂದರೆ ಹಾಡುವವರ ಕಿವಿಗೆ ದೊಡ್ಡದೇ. ಪೆಟ್ಟಿಗೆಯನ್ನು ತಣ್ಣಗೆ ನಡುಮನೆಯಲ್ಲಿ ಇಟ್ಟೆ. ನಿಧಾನಕ್ಕೆ ಬೀಟ್ಸ್ ಹೋಯಿತು.

ಸರ್ ಕೇಳಿದರು, “ಬಿಸಿಯಾದಾಗ ಸ್ವರ ಏರಿತ್ತೋ ಇಳಿದಿತ್ತೋ?” ಬೀಟ್ಸ್‌ನಿಂದ ಅದು ಗೊತ್ತಾಗುವುದಿಲ್ಲ. ಶ್ರುತಿಕವೆಗೆ ಸ್ವಲ್ಪ ಜೇನುಮೇಣ ಅಂಟಿಸು ಅಂದರು. ಮೇಣ ಅಂಟಿದರೆ ಕವೆಯ ಸ್ವರ ಇಳಿಯುತ್ತದೆ. ಪೆಟ್ಟಿಗೆಯನ್ನು ಮತ್ತೆ ಬಿಸಿ ಮಾಡಿ, ಮೇಣ ಹಚ್ಚಿ ಬಡಿದೆ. ಬೀಟ್ಸ್ ಕಡಿಮೆ ಆಯಿತು. ಹಾಗಾದರೆ ಪೆಟ್ಟಿಗೆಯೇ ಕೆಳಗೆ ಇಳಿದಿತ್ತು!

ಆಗ ನನಗೆ ಆ ರಾತ್ರಿ ನೆನಪಾಯಿತು. ಪ್ರಸಂಗದ ಪುಸ್ತಕ ಕಾಣಲಿ ಅಂತ ದೊಡ್ಡ ಫೋಕಸ್ ಲೈಟ್ ಇಟ್ಟಿದ್ದರು. ಅದರ ಬುಡದಲ್ಲೇ ಪೆಟ್ಟಿಗೆ ಇತ್ತು. ಪೆಟ್ಟಿಗೆ ಬಿಸಿಯಾಗಿ ಕೆಳಗೆ ಇಳಿದಿದೆ, ಅಜ್ಜ ಮೊದಲಿನ ‘ಸಾ’ವನ್ನೇ ಹಿಡಿದು ಕುಳಿತಿದ್ದಾರೆ. ಕೇಳಿದವರಿಗೆ ಅಜ್ಜ ಮೇಲೆ ಹೋದ ಹಾಗೆ ಕಂಡಿದೆ.

ಯಾಕೆ ಹೀಗೆ ಅಂತ ಸರ್ ವಿವರಿಸಿದರು. ಪೆಟ್ಟಿಗೆಯೊಳಗೆ ಕೆಪಾಸಿಟರ್ ಎನ್ನುವ ಸಣ್ಣ ವಸ್ತು ಕರೆಂಟು ತುಂಬಿಕೊಂಡು ಖಾಲಿ ಮಾಡುತ್ತಾ ಇರುತ್ತದೆ. ಎಷ್ಟು ಬೇಗ ತುಂಬಿ ಖಾಲಿಯಾಗುತ್ತದೋ ಸ್ವರ ಅಷ್ಟು ಮೇಲೆ. ಕೆಲವು ಜಾತಿಯ ಕೆಪಾಸಿಟರ್ ಬಿಸಿಗೆ ಸ್ವಲ್ಪ ಹಿಗ್ಗಿದ ಕೊಡದ ಹಾಗೆ ಹೆಚ್ಚು ಹಿಡಿಯುತ್ತದೆ. ಕೊಡ ದೊಡ್ಡದಾದರೆ ತುಂಬಲು ಹೊತ್ತು ಹೆಚ್ಚು ಬೇಕಲ್ಲ, ಸ್ವರ ಇಳಿಯುತ್ತದೆ. ಕೈಗಡಿಯಾರದಲ್ಲಿ ಹಾಗಾಗಬಾರದು ಅಂತ ಕ್ವಾರ್ಟ್ಜ್ ಹರಳು ಹಾಕುತ್ತಾರೆ. ಅದು ಸೆಕೆಂಡಿಗೆ 32,768 ಸಲ ನಡುಗುತ್ತದೆ, ಬಿಸಿಗೆ ಬಹಳ ಕಡಿಮೆ ಬದಲಾಗುತ್ತದೆ.

ರಿಪೇರಿಗೆ ಒಂದು ಪೈಸೆಯೂ ಖರ್ಚಾಗಲಿಲ್ಲ. ನವರಾತ್ರಿಯ ತಾಳಮದ್ದಳೆಗೆ ಪೆಟ್ಟಿಗೆಯನ್ನು ಲೈಟಿನಿಂದ ದೂರ ಇಟ್ಟೆವು. ಅರ್ಧ ತಾಸು ಮೊದಲೇ ಶುರು ಮಾಡಿ, ಆಮೇಲೆ ಶ್ರುತಿ ಕೂಡಿಸಿದೆವು. ಅಜ್ಜನನ್ನು ಒಪ್ಪಿಸುವುದೇ ಕಷ್ಟ ಆಯಿತು. ಮಣೆಯ ಮೇಲೆ ಶ್ರುತಿಕವೆ ಇಟ್ಟು ‘ವುಂ ವುಂ’ ಕೇಳಿಸಿದ ಮೇಲೆ ಕಪಾಟಿನಿಂದ ತಾಳ ತೆಗೆದರು. ಮಧ್ಯರಾತ್ರಿಯವರೆಗೂ ಶ್ರುತಿ ಕೂಡಿಯೇ ಇತ್ತು. ಕೊನೆಗೆ ಎರಡು ಪದಕ್ಕೆ ಮಾತ್ರ ಕೆಮ್ಮು ಬಂತು.

ಮನೆಗೆ ಬರುವಾಗ ಅಜ್ಜ, “ಶ್ರುತಿ ತಪ್ಪಿದ್ದು ಪೆಟ್ಟಿಗೆ, ಹೌದು. ಕೆಮ್ಮು ಮಾತ್ರ ಯಂದೇಯ” ಅಂದು ನಕ್ಕರು.

ಗೆಳೆಯರೇ, ವಯಸ್ಸಾದವರು ಏನಾದರೂ ತಪ್ಪಿದ ಹಾಗೆ ಕಂಡರೆ ತಕ್ಷಣ ಅವರ ಮೇಲೆ ಹೇಳಬೇಡಿ. ಪಕ್ಕದಲ್ಲಿ ಇರುವ ಪೆಟ್ಟಿಗೆಯನ್ನೂ ಒಮ್ಮೆ ಮುಟ್ಟಿ ನೋಡಿ. ಬಿಸಿಯಾಗಿರಬಹುದು.

— ಏಳನೇ ತರಗತಿಯ ವಿದ್ಯಾರ್ಥಿ